ಕಣ್ಣಿಗೆ ಮಂಕು, ಗಿಡಕ್ಕೆ ಸುದ್ದಿ: ಮನೆಯಲ್ಲೇ ಫಾರ್‌-ರೆಡ್ ಎಲ್‌ಇಡಿ ದೀಪ ಮಾಡುವ ಮುನ್ನ ತಿಳಿಯಬೇಕಾದದ್ದು

ಜಮಖಂಡಿ: ಕಬ್ಬು ಒತ್ತಾಗಿ ಹಚ್ಚಿದರೆ ಮರಿ ಕಡಿಮೆ ಒಡೆಯುತ್ತವೆ ಅನ್ನೋದು ಜಮಖಂಡಿ, ಮುಧೋಳ ಭಾಗದ ರೈತರಿಗೆ ಹೊಸ ಮಾತೇನಲ್ಲ. 4 ಅಡಿ, 5 ಅಡಿ ಸಾಲು ಬಿಡುವುದಕ್ಕೆ ಅದೂ ಒಂದು ಕಾರಣ. ಯಾಕೆ ಅಂತ ಕೇಳಿದರೆ ‘ಗಾಳಿ ಬೆಳಕು ಆಡಬೇಕ್ರಿ’ ಎಂಬ ಉತ್ತರ ಬರುತ್ತದೆ. ಮಾತು ಖರೇನೇ. ಆದರೆ ಬೆಳಕು ಪೂರ್ತಿ ಕಡಿಮೆ ಆಗುವುದಕ್ಕೂ ಮೊದಲೇ ಕಬ್ಬಿಗೆ ಒಂದು ಸುದ್ದಿ ಮುಟ್ಟಿರುತ್ತದೆ: ಪಕ್ಕದಲ್ಲಿ ಇನ್ನೊಂದು ಗಿಡ ಎದ್ದಿದೆ, ಇನ್ನು ಅಗಲಕ್ಕೆ ಹರಡುವುದು ಬಿಟ್ಟು ಮೇಲಕ್ಕೆ ಏಳಬೇಕು. ಆ ಸುದ್ದಿಯನ್ನು ಹೊತ್ತು ತರುವ ಬೆಳಕಿನ ಹೆಸರೇ ಫಾರ್‌-ರೆಡ್. ಕೆಂಪು ಬಣ್ಣದ ಕೊನೆಯ ಅಂಚಿನಲ್ಲಿರುವ, ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ಕೆಂಪು ಅದು.

ಈಗ ಅದೇ ಬೆಳಕು ಎಲ್‌ಇಡಿ ಬೀಡ್‌ಗಳ ರೂಪದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನೆಯೊಳಗೆ ರ‍್ಯಾಕ್ ಹಾಕಿ ಸೊಪ್ಪು ಬೆಳೆಯುವವರು, ನರ್ಸರಿಯಲ್ಲಿ ಅಗಿ ಮಾಡುವವರು, ರಬಕವಿ-ಬನಹಟ್ಟಿಯಂಥ ಕಡೆ ಮಗ್ಗ ತೆಗೆದು ಖಾಲಿಯಾದ ಕೋಣೆಯಲ್ಲಿ ಏನಾದರೂ ಮಾಡೋಣ ಅಂತ ಯೋಚಿಸುವವರು ‘ಗ್ರೋ ಲೈಟ್’ ವಿಡಿಯೊ ನೋಡಿ ಇದನ್ನು ಕೈಯಾರೆ ಜೋಡಿಸಲು ಹೊರಡುವುದು ಸಹಜ. ಜೋಡಿಸುವುದು ಕಷ್ಟವೇನಲ್ಲ. ಬೆಸುಗೆ ಗನ್ನು, ಮಲ್ಟಿಮೀಟರ್ ಹಿಡಿಯಲು ಬಂದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಎಲ್ಲಿ, ಎಷ್ಟು, ಯಾವ ಹೊತ್ತಿಗೆ ಹಚ್ಚಬೇಕು ಅನ್ನುವುದು ತಪ್ಪಿದರೆ ಟ್ರೇಗಟ್ಟಲೆ ಅಗಿ ದಾರದ ಹಾಗೆ ಉದ್ದಕ್ಕೆ ಹೋಗಿ ಬೀಳುತ್ತವೆ. ಬೆಳೆಯಲಿ ಅಂತ ಹಚ್ಚಿದ ದೀಪವೇ ಅಗಿ ಕೆಡಿಸಿರುತ್ತದೆ.

ಗಿಡದ ಎರಡು ಮುಖದ ಕೀಲಿ

ಬೆಳಕಿನ ಬಣ್ಣವನ್ನು ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ನೀಲಿ ಸುಮಾರು 450, ಹಸಿರು 530, ಕೆಂಪು 660. ಫಾರ್‌-ರೆಡ್ ಅಂದರೆ 700ರಿಂದ 750ರ ಆಸುಪಾಸು. ಎಲ್‌ಇಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 730. ಗಿಡದೊಳಗೆ ಫೈಟೋಕ್ರೋಮ್ ಎಂಬ ಒಂದು ಪ್ರೋಟೀನ್ ಇದೆ. ಅದರ ಮೇಲೆ 660ರ ಕೆಂಪು ಬಿದ್ದರೆ ಒಂದು ರೂಪಕ್ಕೆ ತಿರುಗುತ್ತದೆ, 730ರ ಫಾರ್‌-ರೆಡ್ ಬಿದ್ದರೆ ಹಿಂದಿನ ರೂಪಕ್ಕೆ ಮರಳುತ್ತದೆ. ಮನೆಯ ಗೋಡೆಯ ಸ್ವಿಚ್ ಇದ್ದ ಹಾಗೆ, ಒತ್ತಿದಂತೆಲ್ಲ ಆ ಕಡೆ ಈ ಕಡೆ.

ಇದನ್ನು ಕಂಡುಹಿಡಿದ ಕಥೆ ಸಣ್ಣದು, ಆದರೆ ಚೆಂದದ್ದು. ಅಮೆರಿಕದ ಬೆಲ್ಟ್ಸ್‌ವಿಲ್‌ನ ಸರಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬೋರ್ಥ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಜೊತೆಗಾರರು ಲೆಟ್ಯೂಸ್ ಸೊಪ್ಪಿನ ನೆನೆದ ಬೀಜಕ್ಕೆ ಕೆಂಪು ಬೆಳಕು ಕೊಟ್ಟರು, ಮೊಳಕೆ ಬಂತು. ಕೆಂಪಿನ ಹಿಂದೆಯೇ ಫಾರ್‌-ರೆಡ್ ಕೊಟ್ಟರು, ಮೊಳಕೆ ನಿಂತಿತು. ಮತ್ತೆ ಕೆಂಪು, ಮತ್ತೆ ಫಾರ್‌-ರೆಡ್ ಅಂತ ಎಷ್ಟು ಸಲ ಅದಲುಬದಲು ಮಾಡಿದರೂ ಬೀಜ ಪಾಲಿಸಿದ್ದು ಕೊನೆಗೆ ಬಿದ್ದ ಬೆಳಕಿನ ಮಾತನ್ನೇ. 1952ರಲ್ಲಿ ಇದು ಪ್ರಕಟವಾಯಿತು. ಆ ವಸ್ತು ನಿಜವಾಗಿ ಗಿಡದೊಳಗೆ ಇದೆ ಅಂತ ಉಪಕರಣದಲ್ಲಿ ತೋರಿಸಿದ್ದು 1959ರಲ್ಲಿ.

ಹೊಲದಲ್ಲಿ ಈ ಸ್ವಿಚ್ಚಿನ ಕೆಲಸ ಏನು? ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಫಾರ್‌-ರೆಡ್ ಅದಕ್ಕೆ ಹೆಚ್ಚು ಬೇಡ, ಬಹುಪಾಲು ಎಲೆ ದಾಟಿ ಕೆಳಗೆ ಹೋಗುತ್ತದೆ ಇಲ್ಲವೇ ಪಕ್ಕಕ್ಕೆ ಚಿಮ್ಮುತ್ತದೆ. ಬಯಲಿನ ಬಿಸಿಲಲ್ಲಿ ಕೆಂಪು ಮತ್ತು ಫಾರ್‌-ರೆಡ್ ಹೆಚ್ಚುಕಡಿಮೆ ಸಮಸಮ ಇರುತ್ತವೆ. ದಟ್ಟ ಎಲೆಗಳ ಕೆಳಗೆ ಕೆಂಪು ಮಾಯವಾಗಿ ಫಾರ್‌-ರೆಡ್ಡೇ ಉಳಿಯುತ್ತದೆ. ಅದನ್ನು ಕಂಡ ಗಿಡ ‘ನನ್ನ ತಲೆ ಮೇಲೆ ಯಾರೋ ಕುಂತಾರ’ ಅಂತ ತಿಳಿದು ಗೆಣ್ಣು ಉದ್ದ ಮಾಡುತ್ತದೆ, ಮರಿ ಒಡೆಯುವುದನ್ನು ತಡೆಯುತ್ತದೆ, ಎಲೆ ತೆಳ್ಳಗೆ ಮಾಡುತ್ತದೆ. ಅರ್ಜೆಂಟೀನಾದ ಕಾರ್ಲೋಸ್ ಬಯಾರೆ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ್ದು ಇನ್ನೂ ಸೋಜಿಗ: ನೆರಳು ಬೀಳುವುದಕ್ಕೂ ಮೊದಲೇ, ಪಕ್ಕದ ಗಿಡದಿಂದ ಚಿಮ್ಮಿ ಬಂದ ಫಾರ್‌-ರೆಡ್‌ನಿಂದಲೇ ಗಿಡ ನೆರೆಹೊರೆಯನ್ನು ಗುರುತಿಸುತ್ತದೆ. ಬದುವಿನ ಬೇವಿನ ಮರದ ಬುಡಕ್ಕೆ ಹಚ್ಚಿದ ಮೆಣಸಿನ ಗಿಡ ಉದ್ದಕ್ಕೆ ಎದ್ದು ಕಾಯಿ ಬಿಡದೆ ನಿಲ್ಲುವುದರ ಹಿಂದೆ ಬೆಳಕಿನ ಕೊರತೆಯ ಜೊತೆ ಈ ಸುದ್ದಿಯದೂ ಪಾಲಿದೆ.

ರಾತ್ರಿ ಎಷ್ಟು ಉದ್ದ ಅಂತ ಗಿಡ ಲೆಕ್ಕ ಇಡುವುದಕ್ಕೂ ಇದೇ ಫೈಟೋಕ್ರೋಮ್ ಬೇಕು. ಬೀಳಗಿ ಕಡೆಯ ಎರಿ ಹೊಲದ ಹಿಂಗಾರಿ ಜೋಳ, ಸೋಯಾ, ಶ್ಯಾವಂತಿಗೆ ಇವೆಲ್ಲ ರಾತ್ರಿ ಉದ್ದವಾದಾಗ ಹೂ ಕಟ್ಟುವ ಜಾತಿಯವು. ರಾತ್ರಿಯಿಡೀ ಉರಿಯುವ ಬೀದಿ ದೀಪದ ಕೆಳಗಿನ ಸೋಯಾ ಉಳಿದದ್ದೆಲ್ಲ ಒಣಗಿದರೂ ಹಸಿರಾಗೇ ನಿಂತಿರುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆ ಶ್ಯಾವಂತಿಗೆ ತೋಟದಲ್ಲಿ ರಾತ್ರಿ ಸಾಲು ಸಾಲು ಬಲ್ಬು ಉರಿಸುವುದೂ ಇದೇ ಗುಟ್ಟಿನ ಮೇಲೆ; ಹೂ ಬೇಗ ಬರದಂತೆ ತಡೆದು ಮೊದಲು ಗಿಡ ಬೆಳೆಸಿಕೊಳ್ಳುತ್ತಾರೆ.

ಊಟವೋ, ಉಪ್ಪಿನಕಾಯಿಯೋ

ಹಾಗಾದರೆ ಫಾರ್‌-ರೆಡ್‌ನಿಂದ ಗಿಡಕ್ಕೆ ಆಹಾರವೇ ಆಗುವುದಿಲ್ಲವೇ? ಇಲ್ಲಿ ಮಾತು ಸ್ವಲ್ಪ ಸೂಕ್ಷ್ಮ. ಬರೇ ಫಾರ್‌-ರೆಡ್ ಕೊಟ್ಟರೆ ದ್ಯುತಿಸಂಶ್ಲೇಷಣೆ ಅಷ್ಟಕ್ಕಷ್ಟೇ. ಆದರೆ ಬೇರೆ ಬೆಳಕಿನ ಜೊತೆ ಸೇರಿಸಿ ಕೊಟ್ಟಾಗ ಎರಡೂ ಕೂಡಿ ಮಾಡುವ ಕೆಲಸ, ಬೇರೆ ಬೇರೆ ಮಾಡಿದ್ದರ ಮೊತ್ತಕ್ಕಿಂತ ಜಾಸ್ತಿ. ಇದನ್ನು ರಾಬರ್ಟ್ ಎಮರ್ಸನ್ 1957ರಲ್ಲೇ ಹೇಳಿದ್ದರು. 2020ರಲ್ಲಿ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಶುಯಾಂಗ್ ಝೆನ್ ಮತ್ತು ಬ್ರೂಸ್ ಬಗ್‌ಬೀ ಬಿಳಿ ಇಲ್ಲವೇ ಕೆಂಪು-ನೀಲಿ ಬೆಳಕಿನ ಜೊತೆ ಮಿತಿಯಲ್ಲಿ ಸೇರಿಸಿದ ಫಾರ್‌-ರೆಡ್ ಬೇರೆ ಬೆಳಕಿನಷ್ಟೇ ಸಮರ್ಥವಾಗಿ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಉಪ್ಪಿನಕಾಯಿ ರೊಟ್ಟಿ ಜೊತೆಗೆ ರುಚಿ. ಬರೇ ಉಪ್ಪಿನಕಾಯಿ ತಿಂದು ಹೊಟ್ಟೆ ತುಂಬಿಸಿಕೊಳ್ಳಲು ಆಗುವುದಿಲ್ಲ.

ಬಿಳಿ ಎಲ್‌ಇಡಿ ಟ್ಯೂಬಿನಲ್ಲಿ ಫಾರ್‌-ರೆಡ್ ತೀರಾ ಕಡಿಮೆ. ಅದರಡಿ ಬೆಳೆದ ಗಿಡ ಗಿಡ್ಡ, ಗಟ್ಟಿ. ಲೆಟ್ಯೂಸ್‌ನಂಥ ಸೊಪ್ಪಿಗೆ ಸ್ವಲ್ಪ ಫಾರ್‌-ರೆಡ್ ಸೇರಿಸಿದರೆ ಎಲೆ ಅಗಲವಾಗಿ, ಹೆಚ್ಚು ಬೆಳಕು ಹಿಡಿದು ತೂಕ ಏರುತ್ತದೆ. ಹೆಚ್ಚಾದರೆ ಎಲೆ ತೆಳುವಾಗಿ, ಕೆಂಪು ಲೆಟ್ಯೂಸ್‌ನ ಕೆಂಪೇ ಮಾಸುತ್ತದೆ.

ನಮ್ಮ ಕಡೆ ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲೇ ಹೇಳಬೇಕಾದ ಮಾತು: ಬಾಗಲಕೋಟೆ ಜಿಲ್ಲೆಯಲ್ಲಿ ಬಿಸಿಲಿಗೆ ಬರ ಇಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಹಲಗೆ ಮೇಲೆ 20 ವ್ಯಾಟಿನ 4 ಬಿಳಿ ಟ್ಯೂಬ್ ಕಟ್ಟಿ ದಿನಕ್ಕೆ 14 ತಾಸು ಉರಿಸಿದರೆ ಗಿಡಕ್ಕೆ ಸಿಗುವ ಬೆಳಕು, ಹೊರಗೆ 50 ಶೇಕಡಾ ನೆರಳು ಪರದೆ ಕೆಳಗೆ ಪುಕ್ಕಟೆ ಸಿಗುವುದರ ಮೂರನೇ ಒಂದು ಪಾಲು, ಅಷ್ಟೇ. ಅದಕ್ಕೆ ಕರೆಂಟ್ ದಿನಕ್ಕೆ ಒಂದು ಯುನಿಟ್‌ಗಿಂತ ಸ್ವಲ್ಪ ಮೇಲೆ; ಫಾರ್‌-ರೆಡ್ ಪಟ್ಟಿಯನ್ನೂ ಸೇರಿಸಿದರೆ ತಿಂಗಳಿಗೆ ಸುಮಾರು 38 ಯುನಿಟ್. ಅದೂ ಒಂದೇ ಹಲಗೆಗೆ.

ಗೃಹಜ್ಯೋತಿಯಲ್ಲಿ ಇರುವವರು ಈ ಲೆಕ್ಕ ಗಟ್ಟಿಯಾಗಿ ಹಾಕಿಕೊಳ್ಳಬೇಕು. ಯೋಜನೆಯಲ್ಲಿ ಉಚಿತ ಮಿತಿ ಎಲ್ಲರಿಗೂ 200 ಯುನಿಟ್ ಅಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಕೂಡಿಸಿದಷ್ಟು. ಅದರಾಚೆಗಿನದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಮೂರು ಹಲಗೆಯ ರ‍್ಯಾಕ್ ಇಟ್ಟರೆ 100 ಯುನಿಟ್ ದಾಟಿದ್ದು ಗೊತ್ತೇ ಆಗುವುದಿಲ್ಲ. ಮಗ್ಗದ ಮೀಟರಿನ ರಿಯಾಯಿತಿ ದರ ಇರುವುದು ಮಗ್ಗಕ್ಕೆ. ಅದೇ ಸಂಪರ್ಕದಿಂದ ಗಿಡದ ದೀಪ ಉರಿಸುವ ಮೊದಲು ಹೆಸ್ಕಾಂ ಸೆಕ್ಷನ್ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೇದು.

ಹಾಗಾಗಿ ಟೊಮೆಟೊ, ಬದನೆ, ಮೆಣಸಿನ ಅಗಿಯನ್ನು ನೆರಳು ಪರದೆ ಕೆಳಗೆ ಮಾಡುವ ನರ್ಸರಿಗೆ ಫಾರ್‌-ರೆಡ್ ಬೇಡವೇ ಬೇಡ. ರೈತ ಕೇಳುವುದು ಗಿಡ್ಡ, ದಪ್ಪ ದಂಟಿನ ಅಗಿ. ಫಾರ್‌-ರೆಡ್ ಮಾಡುವುದು ಅದರ ಉಲ್ಟಾ. ಟ್ರೇಗಳನ್ನು ಒಂದಕ್ಕೊಂದು ಒತ್ತಿ ಇಟ್ಟಾಗ ನಡುವಿನ ಅಗಿಗಳು ಉದ್ದ ಆಗುವುದು ಇದೇ ಕಾರಣಕ್ಕೆ, ಖರ್ಚಿಲ್ಲದೆ. ಕಬ್ಬಿನ ಒಂಟಿ ಕಣ್ಣಿನ ಸಸಿಗೂ ಇದೇ ಮಾತು. ಮೈಕ್ರೋಗ್ರೀನ್ಸ್ ಮಾಡುವವರಿಗೆ ಕೊಯ್ಯಲು ಉದ್ದ ದಂಟು ಬೇಕು, ನಿಜ. ಅದಕ್ಕೆ ಬಿತ್ತಿದ ಮೊದಲ ಎರಡು ಮೂರು ದಿನ ಟ್ರೇ ಮೇಲೆ ಇನ್ನೊಂದು ಟ್ರೇ ಮುಚ್ಚಿಟ್ಟರೆ ಆಯ್ತು.

ಬೇಕಾಗುವುದು ಎರಡು ಕಡೆ. ಒಂದು, ಪೂರ್ತಿ ಕೃತಕ ಬೆಳಕಿನಲ್ಲೇ ಲೆಟ್ಯೂಸ್‌ನಂಥ ಎಲೆ ಸೊಪ್ಪು ಬೆಳೆದು ಪೇಟೆ ಹೋಟೆಲಿಗೆ ಕಳಿಸುವವರಿಗೆ. ಇನ್ನೊಂದು, ಕಸಿ ಅಗಿ ಮಾಡುವವರಿಗೆ. ಟೊಮೆಟೊ, ಬದನೆಯನ್ನು ಕಾಡು ಬದನೆ ಬೇರಿನ ಮೇಲೆ ಕಸಿ ಮಾಡುವಾಗ ಬುಡದ ದಂಟು ಗಿಡ್ಡ ಇದ್ದರೆ ಬ್ಲೇಡು, ಕ್ಲಿಪ್ಪು ಹಾಕಲು ಜಾಗ ಸಾಲುವುದಿಲ್ಲ. ಕಸಿ ಜಾಗ ಮಣ್ಣಿಗೆ ಹತ್ತಿರ ಇದ್ದರೆ ಮೇಲಿನ ಗಿಡವೇ ಬೇರು ಬಿಟ್ಟು, ಕಸಿ ಮಾಡಿದ ಉದ್ದೇಶವೇ ಹಾಳು. ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಚಿಯೆರಿ ಕುಬೋಟಾ ಮತ್ತು ಸಹೋದ್ಯೋಗಿ 2010ರಲ್ಲಿ ಪ್ರಕಟಿಸಿದ ಕೆಲಸ ಇದರ ಮೇಲೇ. ದಿನದ ಬೆಳಕು ಆರಿದ ಕೂಡಲೇ ಕೆಲವೇ ನಿಮಿಷ ಫಾರ್‌-ರೆಡ್ ಕೊಟ್ಟು ಟೊಮೆಟೊ ಬೇರುಗಿಡದ ದಂಟನ್ನು ಉದ್ದ ಮಾಡಿದರು. ದಿನವಿಡೀ ಉರಿಸುವುದು ಬೇಕಾಗಲಿಲ್ಲ. ನಮ್ಮ ಭಾಗಕ್ಕೆ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗದ ಬಳಕೆ ಇದೇ ಅನ್ನಬಹುದು.

ಮೂರನೆಯದೊಂದಿದೆ, ಆದರೆ ಅದು ಸಂಶೋಧಕರ ಲೋಕ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ‘ಸ್ಪೀಡ್ ಬ್ರೀಡಿಂಗ್’ ವಿಧಾನದಲ್ಲಿ ದಿನಕ್ಕೆ 22 ತಾಸು ಬೆಳಕು ಕೊಟ್ಟು ಗೋಧಿ, ಕಡಲೆಯ ಆರು ತಲೆಮಾರುಗಳವರೆಗೆ ಒಂದೇ ವರ್ಷದಲ್ಲಿ ತೆಗೆಯುತ್ತಾರೆ. ಅಲ್ಲಿನ ದೀಪಗಳಲ್ಲಿ ಫಾರ್‌-ರೆಡ್ ಕೂಡ ಇರುತ್ತದೆ. ಬೇಗ ಹೂ ಬರುವುದು ತಳಿ ಮಾಡುವವರಿಗೆ ಲಾಭ, ಕಾಳು ಮಾರುವವರಿಗಲ್ಲ.

ಕೊಳ್ಳುವಾಗಲೇ ಆಗುವ ಮೋಸ

ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ಹಣ ಹಾಕಿ, ಮೈಮುರಿದು 1989ರಲ್ಲಿ ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿಕೊಂಡ ತಾಲ್ಲೂಕು ಜಮಖಂಡಿ. ಇಲ್ಲಿನವರಿಗೆ ಕೈಯಾರೆ ಮಾಡಿಕೊಳ್ಳಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ದೀಪದಲ್ಲಿ ಕಣ್ಣು ಮೋಸ ಮಾಡುತ್ತದೆ. 730 ನ್ಯಾನೋಮೀಟರ್ ಬೆಳಕು ಎಷ್ಟೇ ಜೋರಿದ್ದರೂ ನಮಗೆ ಆರುತ್ತಿರುವ ಕೆಂಡದಷ್ಟು ಮಂಕಾಗಿ ಕಾಣುತ್ತದೆ. ‘ಬೀಡ್ ಡಲ್ ಐತಿ’ ಅಂತ ವಾಪಸ್ ಕಳಿಸಿ, ಝಗ್ ಅಂತ ಹೊಳೆಯುವ ಕೆಂಪು ತರಿಸಿದರೆ ಅದು 620 ಇಲ್ಲವೇ 660ರದ್ದು. ಮಾಡುವುದು ಪೂರಾ ಬೇರೆ ಕೆಲಸ. ಇನ್ನೊಂದು ಕಡೆ, ರಾತ್ರಿ ನೋಡುವ ಸಿಸಿಟಿವಿ ಕ್ಯಾಮೆರಾಗಳಲ್ಲಿ ಇರುವ 850ರ ಇನ್‌ಫ್ರಾರೆಡ್ ಬೀಡೂ ಹಾಗೇ ಮಂಕು ಕೆಂಪಾಗಿ ಕಾಣುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಅದಕ್ಕೆ ಫೈಟೋಕ್ರೋಮ್ ಓಗೊಡುವುದಿಲ್ಲ.

ಗುರುತಿಸಲು ಮಲ್ಟಿಮೀಟರ್ ಸಹಾಯಕ್ಕೆ ಬರುತ್ತದೆ. ಬೀಡಿಗೆ 350 ಮಿಲಿಆಂಪ್ ಹರಿಯುವಾಗ ಅದರ ಎರಡು ತುದಿಗೆ ಮೀಟರ್ ಹಚ್ಚಿದರೆ 730ರ ಬೀಡಿನಲ್ಲಿ ಸಾಮಾನ್ಯವಾಗಿ 1.8ರಿಂದ 2.1 ವೋಲ್ಟ್ ತೋರಿಸುತ್ತದೆ. 850ರ ಸಾದಾ ಬೀಡಿನಲ್ಲಿ ಒಂದೂವರೆ ವೋಲ್ಟಿನ ಆಸುಪಾಸು. ಬಿಳಿ, ನೀಲಿಯಲ್ಲಿ 3 ವೋಲ್ಟ್. 660ರ ಕೆಂಪಿಗೂ 730ಕ್ಕೂ ವೋಲ್ಟಿನಲ್ಲಿ ಅಂತರ ಕಡಿಮೆ, ಆದರೆ ಅವೆರಡನ್ನು ಕಣ್ಣೇ ಬೇರೆ ಮಾಡುತ್ತದೆ: 660 ಕಣ್ಣು ಕುಕ್ಕುತ್ತದೆ.

ಜೋಡಿಸುವ ಬಗೆ

ಮೊದಲ ಸಲ ಮಾಡುವವರು 230 ವೋಲ್ಟಿನ ಡ್ರೈವರ್ ತಂಟೆಗೆ ಹೋಗದೆ, ರೂಟರ್ ಇಲ್ಲವೇ ಸಿಸಿಟಿವಿಯ 12 ವೋಲ್ಟ್, 2 ಆಂಪ್ ಅಡಾಪ್ಟರ್‌ನಿಂದ ಶುರು ಮಾಡುವುದು ಕ್ಷೇಮ. ನೀರು ಚಿಮುಕಿಸುವ ಜಾಗದಲ್ಲಿ 12 ವೋಲ್ಟ್ ತಾಗಿದರೂ ಜೀವಕ್ಕೆ ಅಪಾಯ ಇಲ್ಲ.

ನಕ್ಷತ್ರದಾಕಾರದ ಅಲ್ಯೂಮಿನಿಯಂ ತಟ್ಟೆ ಮೇಲೆ ಕೂರಿಸಿದ 3 ವ್ಯಾಟಿನ 10 ಬೀಡು ಬೇಕು. ಐದೈದರ ಎರಡು ಸಾಲು. ಒಂದು ಸಾಲಿನಲ್ಲಿ ಐದೂ ಬೀಡುಗಳನ್ನು ಸರಣಿಯಲ್ಲಿ ಜೋಡಿಸಿ, ಒಂದರ ಪ್ಲಸ್‌ಗೆ ಮುಂದಿನದರ ಮೈನಸ್. ಐದು ಬೀಡು ಸುಮಾರು 10 ವೋಲ್ಟ್ ತಿನ್ನುತ್ತವೆ, ಉಳಿದ 2 ವೋಲ್ಟನ್ನು ಒಂದು ರೆಸಿಸ್ಟರ್ ಹೊರಬೇಕು. 2 ವೋಲ್ಟನ್ನು 0.35 ಆಂಪ್‌ನಿಂದ ಭಾಗಿಸಿದರೆ 5.7 ಓಂ, ಅಂಗಡಿಯಲ್ಲಿ ಸಿಗುವುದು 5.6 ಇಲ್ಲವೇ 6.8 ಓಂ. ಯಾವುದಾದರೂ ಆದೀತು, ಆದರೆ 2 ವ್ಯಾಟಿನ ದಪ್ಪನೆಯದೇ ಇರಲಿ. ಸಣ್ಣ ಕಾಲು ವ್ಯಾಟಿನದು ಹಾಕಿದರೆ ಹೊಗೆ ಬರುತ್ತದೆ. ಪ್ರತಿ ಸಾಲಿಗೂ ಬೇರೆ ರೆಸಿಸ್ಟರ್. ಸೋಲಾರ್ ಬ್ಯಾಟರಿಗೆ ಹಚ್ಚುವವರು 6.8ರದ್ದನ್ನೇ ಬಳಸಬೇಕು, ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ಕರೆಂಟ್ ಏರುತ್ತದೆ.

3 ವ್ಯಾಟ್ ಅಂತ ಬರೆದಿದ್ದರೂ ಬೀಡನ್ನು ಪೂರ್ತಿ ಓಡಿಸಬಾರದು. ಅರ್ಧ ಕರೆಂಟ್ ಕೊಟ್ಟರೆ ಬಿಸಿ ಕಡಿಮೆ, ಆಯುಷ್ಯ ಹೆಚ್ಚು. ಬೀಡುಗಳನ್ನು ಕಿಟಕಿ ಮಾಡುವವರ ಬಳಿ ಸಿಗುವ ಅಲ್ಯೂಮಿನಿಯಂ ಪಟ್ಟಿಗೆ, ನಡುವೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ ಸ್ಕ್ರೂ ಹಾಕಿ ಬಿಗಿಯಬೇಕು. ಮೂರೂವರೆ ನಾಲ್ಕಡಿ ಪಟ್ಟಿ ಸಾಕು. ಅರ್ಧ ತಾಸು ಉರಿಸಿ ಹಿಂಬದಿ ಮುಟ್ಟಿ ನೋಡಿ: ಐದು ಸೆಕೆಂಡ್ ಬೆರಳು ಇಡಲು ಆಗದಷ್ಟು ಬಿಸಿ ಇದ್ದರೆ ಸ್ಕ್ರೂ ಸಡಿಲ ಇದೆ ಇಲ್ಲವೇ ಪಟ್ಟಿ ಸಾಲದು. ಬೆಸುಗೆ ಹನಿ ತಟ್ಟೆಯ ಅಂಚಿಗೆ ಇಳಿದು ಪಟ್ಟಿಗೆ ತಾಗಿದೆಯೋ ಅಂತ ಮೀಟರಿನ ಬೀಪ್‌ನಲ್ಲಿ ನೋಡಿಕೊಳ್ಳಬೇಕು. ಒಂದೇ ಒಂದು ಬೀಡು ತಿರುವುಮುರುವು ಆದರೂ ಸಾಲು ಪೂರಾ ಹತ್ತುವುದಿಲ್ಲ. ಗಾಬರಿ ಬೇಡ, ಒಂದೊಂದೇ ನೋಡುತ್ತ ಹೋಗಿ.

ತೇವದಿಂದ ಕಾಪಾಡಲು ಮುಂದೆ ಪಾರದರ್ಶಕ ಅಕ್ರಿಲಿಕ್ ಹಾಳೆ ಸಾಕು. ಅಂಚಿಗೆ ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಜಾತಿ ಬೇಡ. ಅದರ ಆಮ್ಲ ಬೀಡನ್ನು, ತಂತಿಯನ್ನು ತಿನ್ನುತ್ತದೆ. ‘ನ್ಯೂಟ್ರಲ್’ ಅಂತ ಬರೆದದ್ದನ್ನೇ ಕೇಳಿ ತರಬೇಕು.

ದೊಡ್ಡದಾಗಿ ಮಾಡಿ, ನೇರ ಕರೆಂಟಿನ ಡ್ರೈವರ್ ಹಾಕುವವರಿಗೆ ಎರಡು ಎಚ್ಚರಿಕೆ. ಅಂಗಡಿಯವರು ‘10 ಬೀಡಿಗೆ 10ರ ಡ್ರೈವರ್ ಸಾಕ್ರಿ’ ಅಂದರೆ ನಂಬಬಾರದು. ಆ ಎಣಿಕೆ 3 ವೋಲ್ಟಿನ ಬಿಳಿ ಬೀಡಿಗೆ. ಅವರು ಕೊಡುವ ಡ್ರೈವರ್ 24 ವೋಲ್ಟಿನ ಕೆಳಗೆ ಸರಿಯಾಗಿ ಕೆಲಸ ಮಾಡದೆ ಮಿಣಮಿಣ ಅನ್ನುತ್ತದೆ; ಹತ್ತು ಫಾರ್‌-ರೆಡ್ ಬೀಡಿಗೆ ಬೇಕಾದ್ದು ಬರೇ 20 ವೋಲ್ಟ್. ಡ್ರೈವರ್ ಮೇಲಿನ ಬೀಡಿನ ಸಂಖ್ಯೆ ಬಿಟ್ಟು ವೋಲ್ಟಿನ ಸಾಲನ್ನು ಓದಬೇಕು. ಎರಡನೆಯದು ಜೀವದ ಪ್ರಶ್ನೆ: ಹಳೆ ಬಲ್ಬು ಒಡೆದು ತೆಗೆದ ಡ್ರೈವರುಗಳಲ್ಲಿ ಬಹಳಷ್ಟು ಮುಖ್ಯ ಕರೆಂಟಿನಿಂದ ಬೇರ್ಪಟ್ಟಿರುವುದಿಲ್ಲ. ಬೀಡಿನ ತಂತಿ ಪಟ್ಟಿಗೆ ತಾಗಿದರೆ ಇಡೀ ಪಟ್ಟಿಗೇ 230 ವೋಲ್ಟ್ ಬರುತ್ತದೆ. ಒದ್ದೆ ಕೈ, ಒದ್ದೆ ನೆಲ, ಕಬ್ಬಿಣದ ರ‍್ಯಾಕ್ ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ‘ಐಸೊಲೇಟೆಡ್’ ಡ್ರೈವರ್, ಪಟ್ಟಿಗೂ ರ‍್ಯಾಕಿಗೂ ಅರ್ಥಿಂಗ್, ಹಿಂದೆ 30 ಮಿಲಿಆಂಪಿನ ಆರ್‌ಸಿಸಿಬಿ. ಈ ಮೂರೂ ಇಲ್ಲದೆ ಸ್ವಿಚ್ ಒತ್ತಬಾರದು.

ಕಣ್ಣಿನ ವಿಷಯವೂ ಇದೆ. ದೀಪ ಮಂಕಾಗಿ ಕಾಣುವುದರಿಂದ ಕಣ್ಣಿನ ಪಾಪೆ ಕಿರಿದಾಗುವುದಿಲ್ಲ, ಒಳಗೆ ಹೋಗುವ ಬೆಳಕು ಮಾತ್ರ ಜೋರೇ ಇರುತ್ತದೆ. ಬೀಡನ್ನು ಹತ್ತಿರದಿಂದ ದಿಟ್ಟಿಸಿ ನೋಡಬಾರದು, ಮಕ್ಕಳಿಗೂ ಬಿಡಬಾರದು.

ಎಷ್ಟು, ಯಾವಾಗ

20 ವ್ಯಾಟಿನ 4 ಬಿಳಿ ಟ್ಯೂಬಿನ ಒಂದು ಹಲಗೆಗೆ ಈ 10 ಬೀಡಿನ ಒಂದು ಪಟ್ಟಿ ಸರಿ ಹೋಗುತ್ತದೆ. ಅಂದಾಜು ಒಟ್ಟು ಬೆಳಕಿನ ಹತ್ತನೇ ಒಂದು ಪಾಲು ಫಾರ್‌-ರೆಡ್ ಆಗುತ್ತದೆ. ಎಲೆ ಸೊಪ್ಪಿಗೆ ಬಿಳಿ ದೀಪದ ಜೊತೆಗೇ ಹತ್ತಿಸಿ, ಜೊತೆಗೇ ಆರಿಸುವುದು. ಗಿಡ ವಾಲುತ್ತಿದ್ದರೆ ಮೊದಲು ಬಿಳಿ ಬೆಳಕು ಹೆಚ್ಚಿಸಬೇಕು, ಅದು ಆಗದಿದ್ದರೆ ಒಂದು ಸಾಲು ಫಾರ್‌-ರೆಡ್ ತೆಗೆಯಬೇಕು.

ಕಸಿಯ ಬೇರುಗಿಡಕ್ಕಾದರೆ ಸಂಜೆ ಬಿಳಿ ದೀಪ ಆರಿದ ಮೇಲೆ 10ರಿಂದ 20 ನಿಮಿಷ ಬರೇ ಫಾರ್‌-ರೆಡ್. ನಂತರ ಪೂರ್ತಿ ಕತ್ತಲೆ. ಇಲ್ಲಿ ಮೊಬೈಲ್ ಟಾರ್ಚು ಕೂಡ ಕೆಲಸ ಕೆಡಿಸಬಹುದು, ಯಾಕಂದರೆ ಬೆಲ್ಟ್ಸ್‌ವಿಲ್‌ನ ಬೀಜಗಳ ಹಾಗೆ ಗಿಡ ಕೇಳುವುದು ಕೊನೆಯ ಬೆಳಕಿನ ಮಾತು. ನೆರಳು ಪರದೆ ಕೆಳಗೆ ಇದನ್ನು ಮಾಡುವುದಾದರೆ ಹೊತ್ತು ಮುಳುಗಿ ಕತ್ತಲಾದ ಕೂಡಲೇ ಹಚ್ಚಬೇಕು. ದಂಟು ಬೇಕಾದಷ್ಟು ಉದ್ದ ಆದ ಮೇಲೆ ನಿಲ್ಲಿಸಿಬಿಡುವುದು.

ಶ್ಯಾವಂತಿಗೆಯಲ್ಲಿ ಹೂ ತಡೆಯಲು ಈ ದೀಪ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಡುರಾತ್ರಿ ಬೇಕಾದ್ದು ಕೆಂಪು ಅಂಶ ಇರುವ ಬೆಳಕು, ಬಿಳಿ ಎಲ್‌ಇಡಿಯಲ್ಲೂ ಅದು ಇರುತ್ತದೆ. ಕೆಂಪಿನ ಹಿಂದೆಯೇ ಫಾರ್‌-ರೆಡ್ ಬಿದ್ದರೆ ಕೆಂಪು ಮಾಡಿದ ಕೆಲಸ ಅಳಿಸಿ ಹೋಗುತ್ತದೆ. ಹಳೇ ಕಾಲದ ಹಳದಿ ಬಲ್ಬಿನಡಿ ಹೂಗಿಡದ ದಂಟು ಸ್ವಲ್ಪ ಜಾಸ್ತಿಯೇ ಉದ್ದ ಬರುತ್ತಿದ್ದುದಕ್ಕೆ ಆ ಬಲ್ಬಿನಲ್ಲಿದ್ದ ಧಾರಾಳ ಫಾರ್‌-ರೆಡ್ಡೇ ಕಾರಣ.

ಬೀಡು ನಿಜವಾದದ್ದೋ, ಗಿಡವೇ ಹೇಳಲಿ

ಪ್ರಯೋಗಾಲಯದ ಸ್ಪೆಕ್ಟ್ರೋಮೀಟರ್ ಎಲ್ಲರ ಕೈಗೂ ಸಿಗುವುದಿಲ್ಲ. ಟೊಮೆಟೊ ಬೀಜ ಅದರ ಕೆಲಸ ಮಾಡುತ್ತದೆ. ಒಂದೇ ಪ್ಯಾಕೆಟ್ಟಿನ ಬೀಜ ಎರಡು ಸಣ್ಣ ಟ್ರೇಗಳಲ್ಲಿ ಹಾಕಿ, ಎರಡಕ್ಕೂ ಒಂದೇ ಬಿಳಿ ಬೆಳಕು, ಒಂದೇ ನೀರು. ಮೊಳಕೆ ಬಂದು ಎರಡು ದಳ ಬಿಚ್ಚಿದ ದಿನದಿಂದ ಒಂದು ವಾರ, ಸಂಜೆ ದೀಪ ಆರಿದ ಮೇಲೆ ಒಂದು ಟ್ರೇಗೆ ಮಾತ್ರ 20 ನಿಮಿಷ ಫಾರ್‌-ರೆಡ್. ಇನ್ನೊಂದು ಟ್ರೇ ಮೇಲೆ ಆ ಹೊತ್ತಿಗೆ ರಟ್ಟಿನ ಪೆಟ್ಟಿಗೆ ಮುಚ್ಚಿರಬೇಕು. ವಾರದ ಕೊನೆಗೆ ಮಣ್ಣಿನಿಂದ ದಳದವರೆಗಿನ ದಂಟನ್ನು ಸ್ಕೇಲಿನಲ್ಲಿ ಅಳೆಯಿರಿ, ಒಂದೆರಡಲ್ಲ, ಪ್ರತಿ ಟ್ರೇಯಲ್ಲೂ ಕನಿಷ್ಠ 20. ಬೀಡು 730ರದ್ದೇ ಆಗಿದ್ದರೆ ಬೆಳಕು ಕಂಡ ಟ್ರೇಯ ದಂಟುಗಳು ಕಣ್ಣಿಗೆ ಕಾಣುವಷ್ಟು ಉದ್ದ ಇರುತ್ತವೆ. ಎರಡೂ ಸಮ ಇದ್ದರೆ ಬಂದದ್ದು 850ರ ಮಾಲು, ಇಲ್ಲವೇ ದೀಪ ಬಹಳ ಎತ್ತರದಲ್ಲಿದೆ. ಅಡಿಯಷ್ಟು ಕೆಳಗಿಳಿಸಿ ಇನ್ನೊಂದು ವಾರ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಬಾಗಲಕೋಟೆಯ ಉದ್ಯಾನಗಿರಿಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಜಿಲ್ಲೆಯಲ್ಲೇ ಇದೆ. ಕಸಿ ಅಗಿಯ ವ್ಯವಹಾರಕ್ಕೆ ಇಳಿಯುವವರು ಈ ಅಳತೆಯ ಚೀಟಿ ಹಿಡಿದುಕೊಂಡೇ ಅಲ್ಲಿನ ತರಕಾರಿ ವಿಭಾಗದಲ್ಲಿ ಮಾತಾಡಿದರೆ ಮಾತು ಬೇಗ ಮುಂದೆ ಹೋಗುತ್ತದೆ.

ಉಳಿದದ್ದು ಟೈಮರ್. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಹಲ್ಲು ಒತ್ತುವ, ತಿರುಗುವ ಗಡಿಯಾರದ ಟೈಮರ್. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಓಡುತ್ತದೆ. ದಿನಕ್ಕೆ ಒಂದು ತಾಸು ಕರೆಂಟ್ ಹೋದರೆ ವಾರದಲ್ಲಿ ಏಳು ತಾಸು ಹಿಂದೆ ಬಿದ್ದು, ಸಂಜೆ 7ಕ್ಕೆ ಹತ್ತಬೇಕಾದ ಫಾರ್‌-ರೆಡ್ ನಸುಕಿನ 2ಕ್ಕೆ ಹತ್ತುತ್ತದೆ. ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಆದರೆ ಕರೆಂಟ್ ಹೋಗಿಬಂದರೂ ಅದು ಹೊತ್ತು ತಪ್ಪುವುದಿಲ್ಲ.